ಕ್ರಾಪಿ ಮೀನಿಗೆ ನೀರೊಳಗೊಂದು ಪೊದೆ: ಯಾವ ಮರ ಆರಿಸಬೇಕು, ಹೇಗೆ ಮುಳುಗಿಸಬೇಕು

ಕ್ರಾಪಿ ಹೆಚ್ಚಾಗಿ ಆಸರೆ ಹುಡುಕಿಕೊಂಡು ನಿಲ್ಲುವ ಮೀನು. ಮುಳುಗಿದ ಮರ, ಸೇತುವೆಯ ಕಂಬ, ದೋಣಿ ಕಟ್ಟುವ ಅಟ್ಟದ ನೆರಳು, ಹೀಗೆ ಏನಾದರೂ ಒಂದು ಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗಾಳ ಹಿಡಿದು ಕೂತವರಿಗೆಲ್ಲ ಇದು ಗೊತ್ತು. ಆದರೆ ಇಲ್ಲಿನ ಕೆರೆಗಳಲ್ಲಿ ಹೆಚ್ಚಿನವು ಅಣೆಕಟ್ಟು ಕಟ್ಟಿ ಮಾಡಿದವು. ನೀರು ತುಂಬಿದಾಗ ಮುಳುಗಿದ ಕಾಡು ವರ್ಷ ಕಳೆದಂತೆ ಕೊಳೆಯುತ್ತಾ ಹೋಗುತ್ತದೆ. ಮೊದಲು ಹೋಗುವುದು ಸಣ್ಣ ಕಡ್ಡಿಗಳು, ಆಮೇಲೆ ರೆಂಬೆಗಳು. ಕೊನೆಗೆ ಉಳಿಯುವುದು ಬೋಳು ಕಂಬ. ಪೂರ್ವ ಟೆಕ್ಸಾಸಿನ ಲೇಕ್ ಫೋರ್ಕ್‌ನಲ್ಲಿ 1980ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ ಬಹಳಷ್ಟು ಮರಗಳನ್ನು ಹಾಗೇ ಬಿಟ್ಟಿದ್ದರು. ಇವತ್ತು ಅಲ್ಲಿ ಹೋದರೆ ನೀರಿನಿಂದ ಎದ್ದು ನಿಂತ ಬೂದು ಬಣ್ಣದ ಬೊಡ್ಡೆಗಳು ಕಾಣುತ್ತವೆ. ಕಡ್ಡಿ ಮಾತ್ರ ಎಲ್ಲೂ ಇಲ್ಲ.

ಅದಕ್ಕೇ ಜನ ಹೊಸ ಮರ ತಂದು ಮುಳುಗಿಸುತ್ತಾರೆ. ನಾನೂ ಡಾಲಸ್ ಸುತ್ತಮುತ್ತ ಕೆಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಈ ಕಡೆ ಗಾಳ ಹಾಕುವ ಕನ್ನಡಿಗರು ಈಗ ಜಾಸ್ತಿಯಾಗಿದ್ದಾರೆ. "ಯಾವ ಮರ ಒಳ್ಳೇದು?" ಅಂತ ಕೇಳುವವರೂ ಜಾಸ್ತಿ. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೀನಿನ ಪರಿಚಯ ಚುಟುಕಾಗಿ ಹೇಳಿಬಿಡುತ್ತೇನೆ. ಕ್ರಾಪಿಯಲ್ಲಿ ಎರಡು ಜಾತಿ, ಬಿಳಿ ಮತ್ತು ಕಪ್ಪು. ಬಿಳಿ ಕ್ರಾಪಿಯ ಮೈಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಪಟ್ಟೆ, ಬೆನ್ನಿನ ರೆಕ್ಕೆಯಲ್ಲಿ 5 ಅಥವಾ 6 ಮುಳ್ಳು. ಕಪ್ಪು ಕ್ರಾಪಿಗೆ ಮೈತುಂಬ ಚುಕ್ಕೆ, ಮುಳ್ಳು 7 ಅಥವಾ 8. ಬಣ್ಣ ನಂಬಬೇಡಿ, ಮುಳ್ಳು ಎಣಿಸಿ. ಬಾಯಿ ಕಾಗದದ ಹಾಗೆ ತೆಳು, ಜೋರಾಗಿ ಎಳೆದರೆ ಹರಿದೇ ಹೋಗುತ್ತದೆ. ಹೆಸರನ್ನು ಕೆಲವರು ಕ್ರಾಪಿ ಅನ್ನುತ್ತಾರೆ, ಕೆಲವರು ಕ್ರ್ಯಾಪಿ. ಲೂಸಿಯಾನಾದವರು ಸ್ಯಾಕ್-ಅ-ಲೇ ಅನ್ನುತ್ತಾರೆ, ಫ್ರೆಂಚಿನಲ್ಲಿ ಹಾಲಿನ ಚೀಲ ಅಂತ ಅರ್ಥ. ಬೇಯಿಸಿದ ಮಾಂಸ ಹಾಲಿನಷ್ಟೇ ಬೆಳ್ಳಗೆ, ತುಂಬಾ ನಯ. ರವೆ ಹಚ್ಚಿ ಕಾವಲಿ ಮೇಲೆ ಹುರಿದರೆ ನಮ್ಮ ಕರಾವಳಿಯವರೂ ಮೆಚ್ಚುತ್ತಾರೆ.

ಮೊದಲು ಕೇಳಿ, ಆಮೇಲೆ ಕಡಿಯಿರಿ

ಕೆರೆ ಯಾರ ಕೈಯಲ್ಲಿದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಲೂಯಿಸ್‌ವಿಲ್, ಗ್ರೇಪ್‌ವೈನ್, ರೇ ರಾಬರ್ಟ್ಸ್, ಲವಾನ್ ಇವೆಲ್ಲ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್, ಅಂದರೆ ಅಮೆರಿಕದ ಸೇನೆಯ ಇಂಜಿನಿಯರಿಂಗ್ ವಿಭಾಗದ ಕೆರೆಗಳು. ರೇ ಹಬರ್ಡ್ ಡಾಲಸ್ ನಗರದ್ದು. ಲೇಕ್ ಫೋರ್ಕ್ ಸಬೀನ್ ನದಿ ಪ್ರಾಧಿಕಾರದ್ದು. ಟೆನಸಿ ಕಡೆ ಇರುವವರು ಟಿವಿಎಯನ್ನು, ಅಂದರೆ ಟೆನಸಿ ಕಣಿವೆ ಪ್ರಾಧಿಕಾರವನ್ನು ಕೇಳಬೇಕು. ಒಬ್ಬೊಬ್ಬರ ನಿಯಮ ಒಂದೊಂದು ಥರ. ಕೆಲವು ಕಡೆ ಒಂದು ಅರ್ಜಿ ಸಾಕು, ಕೆಲವು ಕಡೆ ಬಿಡುವುದೇ ಇಲ್ಲ. ಕೆರೆ ಕಚೇರಿಗೆ ಒಂದು ಫೋನ್ ಮಾಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕೆರೆ ದಂಡೆಯ ಮರವನ್ನು ಮಾತ್ರ ಮುಟ್ಟಲೇಬೇಡಿ. ಕೋರ್‌ನ ಜಾಗದಲ್ಲಿ ಅನುಮತಿ ಇಲ್ಲದೆ ಮರ ಕಡಿಯುವುದು ಅಪರಾಧ.

ಇನ್ನೊಂದು ಮಾತು. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ತಾನೇ ಅನೇಕ ಕೆರೆಗಳಲ್ಲಿ ಇಂಥ ಪೊದೆಗಳನ್ನು ಮುಳುಗಿಸಿದೆ. ಅವುಗಳ ಜಿಪಿಎಸ್ ಗುರುತುಗಳನ್ನು ತನ್ನ ಜಾಲತಾಣದಲ್ಲೇ ಕೊಡುತ್ತದೆ. ನಿಮ್ಮ ಕೆರೆ ಆ ಪಟ್ಟಿಯಲ್ಲಿದ್ದರೆ ಮೊದಲ ವರ್ಷ ಅಲ್ಲೇ ಗಾಳ ಹಾಕಿ. ಯಾವ ಆಳದಲ್ಲಿ, ಯಾವ ತಿಂಗಳಲ್ಲಿ ಮೀನು ನಿಲ್ಲುತ್ತದೆ ಅನ್ನುವುದು ಮರ ಕಡಿಯುವ ಮೊದಲೇ ತಿಳಿಯುತ್ತದೆ.

ಕಡ್ಡಿ ಮೀನನ್ನು ಕರೆಯುತ್ತದೆ, ಚೇಗು ಪೊದೆಯನ್ನು ಉಳಿಸುತ್ತದೆ

ಮರ ಆರಿಸುವಾಗ ಎಲ್ಲರೂ ಮರದ ಹೆಸರು ಕೇಳುತ್ತಾರೆ. ನಾನು ಕೇಳುವುದು ಎರಡೇ ಪ್ರಶ್ನೆ. ಇದರಲ್ಲಿ ಸಣ್ಣ ಕಡ್ಡಿ ಎಷ್ಟಿದೆ? ಇದರ ಚೇಗು, ಅಂದರೆ ಬೊಡ್ಡೆಯ ಒಳಮರ, ಎಷ್ಟು ಗಟ್ಟಿ?

ಕಡ್ಡಿ ಯಾಕೆ ಬೇಕು ಅಂದರೆ, ಮರ ನೀರಿಗೆ ಬಿದ್ದ ಕೆಲವೇ ದಿನಕ್ಕೆ ತೊಗಟೆಯ ಮೇಲೆ ಲೋಳೆ ಕಟ್ಟುತ್ತದೆ. ಆಮೇಲೆ ಪಾಚಿ ಹತ್ತುತ್ತದೆ. ಪಾಚಿ ತಿನ್ನಲು ಕಣ್ಣಿಗೆ ಕಂಡೂ ಕಾಣದಂಥ ಹುಳುಗಳು ಬರುತ್ತವೆ. ಅವನ್ನು ತಿನ್ನಲು ಮರಿಮೀನುಗಳು, ಮರಿಮೀನಿನ ಹಿಂದೆ ಕ್ರಾಪಿ. ಪಾಚಿ ಹತ್ತಲು ಜಾಗ ಬೇಕಲ್ವಾ? ಒಂದು ದಪ್ಪ ದಿಮ್ಮಿಗಿಂತ ಅಷ್ಟೇ ತೂಕದ ನೂರು ಕಡ್ಡಿಗಳ ಮೈ ಎಷ್ಟೋ ಪಟ್ಟು ಜಾಸ್ತಿ. ಮರಿಮೀನು ನುಸುಳಿ ಅಡಗುವುದೂ ಕಡ್ಡಿಗಳ ನಡುವೆಯೇ.

ಆದರೆ ಮೊದಲು ಕೊಳೆಯುವುದೂ ಕಡ್ಡಿಯೇ. ಪೊದೆ ಎಷ್ಟು ವರ್ಷ ನಿಲ್ಲುತ್ತದೆ ಅನ್ನುವುದು ಬೊಡ್ಡೆಯ ಚೇಗಿನ ಮೇಲಿದೆ. ಹೊರಗಿನ ಬಿಳಿ ಮರ ಯಾವ ಜಾತಿಯದಾದರೂ ಬೇಗ ಮೆತ್ತಗಾಗುತ್ತದೆ. ಒಳಗಿನ ಚೇಗು ಜಾತಿಯಿಂದ ಜಾತಿಗೆ ಬೇರೆ. ಸಮಾಧಾನದ ವಿಷಯ ಏನೆಂದರೆ, ಪೂರ್ತಿ ಮುಳುಗಿದ ಮರ ನೆಲದ ಮೇಲಿನ ಮರಕ್ಕಿಂತ ನಿಧಾನವಾಗಿ ಕೊಳೆಯುತ್ತದೆ. ಮರ ತಿನ್ನುವ ಶಿಲೀಂಧ್ರಕ್ಕೆ ಗಾಳಿ ಬೇಕು, ನೀರಿನಡಿ ಅದು ಸಾಲದು. ಒಮ್ಮೆ ಒದ್ದೆ ಒಮ್ಮೆ ಒಣ ಆಗುವ ದಂಡೆಯ ಜಾಗದಲ್ಲೇ ಮರ ಬೇಗ ಹಾಳಾಗುವುದು.

ಹಾಗಾಗಿ ನನ್ನ ಪೊದೆಗಳಲ್ಲಿ ಯಾವಾಗಲೂ ಎರಡು ಬಗೆಯ ಮರ ಇರುತ್ತದೆ. ಎಲುಬಿಗೆ ಒಂದು, ಮಾಂಸಕ್ಕೆ ಒಂದು. ಒಂದೇ ಮರ ಹಾಕುವವರಿಗೂ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಇಲ್ಲಿ ಸಿಗುವ ಮರಗಳು

ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ಸೀಡರ್. ಹೆಸರು ಕೇಳಿ ದೇವದಾರು ಅಂದುಕೊಳ್ಳಬೇಡಿ. ನಿಜವಾದ ಸೀಡರ್ ಅಂದರೆ ನಮ್ಮ ಹಿಮಾಲಯದ ದೇವದಾರುವಿನ ಕುಲ. ಇಲ್ಲಿ ಸೀಡರ್ ಅನ್ನುವುದು ಜೂನಿಪರ್. ಡಾಲಸ್‌ನಿಂದ ಪೂರ್ವಕ್ಕೆ ಈಸ್ಟರ್ನ್ ರೆಡ್ ಸೀಡರ್, ಆಸ್ಟಿನ್ ಕಡೆಯ ಗುಡ್ಡಗಳಲ್ಲಿ ಆ್ಯಶ್ ಜೂನಿಪರ್. ರೈತರಿಗೆ ಎರಡೂ ಕಾಟವೇ. ಹುಲ್ಲುಗಾವಲಿಗೆ ನುಗ್ಗಿ ನೀರು ಹೀರುತ್ತವೆ ಅಂತ ಅವರ ದೂರು. ಕೇಳಿದರೆ ಸಂತೋಷದಿಂದ ಕಡಿದುಕೊಂಡು ಹೋಗಿ ಅನ್ನುತ್ತಾರೆ.

ಸೀಡರಿನ ದೊಡ್ಡ ಗುಣ ಅದರ ಕಡ್ಡಿ. ಬುಡದಿಂದ ತುದಿವರೆಗೆ ಒತ್ತೊತ್ತಾಗಿ ಇರುತ್ತದೆ. ಹಸಿರೆಲ್ಲ ಕೆಲವು ತಿಂಗಳಲ್ಲಿ ಉದುರುತ್ತದೆ, ಕಡ್ಡಿ ಎರಡು ಮೂರು ವರ್ಷ ನಿಲ್ಲುತ್ತದೆ. ಕೆಂಪು ಚೇಗು ಇನ್ನೂ ಬಹಳ ವರ್ಷ ಬಾಳುತ್ತದೆ. ಕೊರತೆ ಅಂದರೆ ಮರ ಹಗುರ, ಹಸಿಯಿದ್ದಾಗಲೂ ತೇಲುತ್ತದೆ. ಇನ್ನೊಂದು, ಒತ್ತು ಜಾಸ್ತಿಯಾದರೆ ದೊಡ್ಡ ಕ್ರಾಪಿ ಒಳಗೆ ಹೋಗಲಾರದು, ಗಾಳವೂ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಬುಡದ ಎರಡು ಮೂರು ಅಡಿ ಬೋಳಿಸಿ. ಮೇಲೆ ಮೂರು ಕೊಂಬೆಗೆ ಒಂದರಂತೆ ತೆಗೆದುಬಿಡಿ. ನಿಮ್ಮ ಮುಷ್ಟಿ ಸಲೀಸಾಗಿ ಒಳಗೆ ಹೋಗಿ ಬರುವಷ್ಟು ಸಂದು ಇದ್ದರೆ ಸರಿ.

ಆಸ್ಟಿನ್ ಕಡೆಯವರಿಗೆ ಎರಡು ಎಚ್ಚರಿಕೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈ ಮರದ ಪರಾಗ ಹಾರುತ್ತದೆ. ಸೀಡರ್ ಫೀವರ್ ಅಂತ ಮೂಗು ಕಣ್ಣು ಸೋರಿಸಿಕೊಂಡು ಕೂರುವುದು ನಿಮಗೆ ಗೊತ್ತೇ ಇದೆ. ತುದಿಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ ಗಂಡು ಮರವನ್ನು ಕಡಿಯಬೇಡಿ, ಹಣ್ಣು ಬಿಟ್ಟ ಹೆಣ್ಣು ಮರ ಆರಿಸಿ. ಮತ್ತೆ, ತೊಗಟೆ ಪಟ್ಟಿ ಪಟ್ಟಿಯಾಗಿ ಸುಲಿಯುವ ಹಳೆಯ ಮರಗಳನ್ನು ಬಿಟ್ಟುಬಿಡಿ. ಚಿನ್ನದ ಕೆನ್ನೆಯ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿ ಆ ತೊಗಟೆಯಿಂದಲೇ ಗೂಡು ಕಟ್ಟುತ್ತದೆ. 1990ರಿಂದ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಮೀನಿಗೆ ಮನೆ ಮಾಡಲು ಹೋಗಿ ಹಕ್ಕಿಯ ಮನೆ ಕೀಳಬಾರದು. ಎಳೆಯ ಮರಗಳು ಬೇಕಾದಷ್ಟಿವೆ.

ಎಲುಬಿಗೆ ನನ್ನ ಮೊದಲ ಆಯ್ಕೆ ಓಕ್. ಅದರಲ್ಲೂ ಬಿಳಿ ಓಕ್ ಗುಂಪಿನ ಪೋಸ್ಟ್ ಓಕ್, ಬರ್ ಓಕ್. ಬಿಳಿ ಓಕಿನ ಚೇಗಿನಲ್ಲಿ ನೀರು ಹರಿಯುವ ಸಣ್ಣ ಕೊಳವೆಗಳು ತಾವೇ ಮುಚ್ಚಿಕೊಂಡಿರುತ್ತವೆ, ಅದಕ್ಕೇ ಅದರಲ್ಲಿ ಪೀಪಾಯಿ ಮಾಡುವುದು. ಕೆಂಪು ಓಕಿನಲ್ಲಿ ತೆರೆದಿರುತ್ತವೆ, ಹಾಗಾಗಿ ಬೇಗ ಕೊಳೆಯುತ್ತದೆ. ಓಕಿನ ಇನ್ನೊಂದು ಗುಣ ತೂಕ. ಹಸಿ ಓಕ್ ಹೆಚ್ಚುಕಡಿಮೆ ನೀರಿನಷ್ಟೇ ಭಾರ, ಒಂದು ಘನ ಅಡಿಗೆ 62-63 ಪೌಂಡ್. ಹಸಿ ಸೀಡರ್ ಬರೀ 37.

ಓಕನ್ನು ಯಾವಾಗ ಕಡಿಯಬೇಕು ಅನ್ನುವುದು ಬಹಳ ಮುಖ್ಯ. ಟೆಕ್ಸಾಸಿನಲ್ಲಿ ಓಕ್ ವಿಲ್ಟ್ ಅನ್ನುವ ಶಿಲೀಂಧ್ರ ರೋಗ ಸಾವಿರಾರು ಮರಗಳನ್ನು ಕೊಂದಿದೆ. ಹಸಿ ಗಾಯದ ವಾಸನೆಗೆ ಬರುವ ಸಣ್ಣ ದುಂಬಿಗಳು ಅದನ್ನು ಹರಡುತ್ತವೆ. ಫೆಬ್ರವರಿಯಿಂದ ಜೂನ್‌ವರೆಗೆ ಓಕಿಗೆ ಕತ್ತಿ ಹಾಕಬೇಡಿ ಅಂತ ಟೆಕ್ಸಾಸ್ ಎ ಅಂಡ್ ಎಂ ಅರಣ್ಯ ಸೇವೆಯವರು ಹೇಳುತ್ತಾರೆ. ಬೇರೆ ತಿಂಗಳಲ್ಲಿ ಕಡಿದರೂ ನಿಂತ ಮರದ ಗಾಯಕ್ಕೆ ಕೂಡಲೇ ಬಣ್ಣ ಬಳಿಯಿರಿ. ರೋಗ ಬಂದು ಸತ್ತ ಮರದ ಕೊಂಬೆಯನ್ನು ಊರಿಂದೂರಿಗೆ ಸಾಗಿಸಬೇಡಿ.

ಚೇಗಿನಲ್ಲಿ ಎಲ್ಲವನ್ನೂ ಮೀರಿಸಿದ್ದು ಬೋಡಾರ್ಕ್. ಮುಳ್ಳು ಮರ, ಹಸಿರು ಮಿದುಳಿನಂಥ ಕಾಯಿ ಬಿಡುತ್ತದೆ. ಕಡಿದು ನೋಡಿದರೆ ಒಳಗೆ ಅರಿಶಿನದ ಬಣ್ಣ. ಮೊದಲ ಸಲ ನೋಡಿದಾಗ ನನಗೆ ಊರಿನ ಹಲಸಿನ ಹಲಗೆ ನೆನಪಾಯಿತು. ಆಮೇಲೆ ಓದಿ ತಿಳಿದೆ, ಇದೂ ಹಲಸಿನ ಕುಟುಂಬದ್ದೇ. ಡಾಲಸ್‌ನ ಹಳೇ ಮನೆಗಳು ಇವತ್ತಿಗೂ ಬೋಡಾರ್ಕ್ ದಿಮ್ಮಿಗಳ ಮೇಲೆ ನಿಂತಿವೆ. ಇಂಥದರ ಒಂದು ಕವಲು ಕೆರೆಗೆ ಹಾಕಿದರೆ ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ. ಆದರೆ ಗರಗಸಕ್ಕೆ ಬಲು ಕಷ್ಟ. ಚರ್ಮದ ಕೈಗವಸು ಇಲ್ಲದೆ ಮುಟ್ಟಬೇಡಿ.

ಸಬರ್ಬಿನಲ್ಲಿ ಇರುವವರಿಗೆ ಇನ್ನೂ ಸುಲಭದ ದಾರಿ ಇದೆ. ಬ್ರ್ಯಾಡ್‌ಫರ್ಡ್ ಪೇರ್ ಅನ್ನುವ ಅಲಂಕಾರದ ಮರ ಪ್ಲೇನೋ, ಫ್ರಿಸ್ಕೋ ಬೀದಿಗಳಲ್ಲಿ ಎಷ್ಟೊಂದು ಇವೆ. ಜೋರು ಗಾಳಿ ಬಂದರೆ ನಡುವೆ ಸೀಳಿ ಬೀಳುತ್ತವೆ. ಮರ ಗಟ್ಟಿ, ಕವಲು ಒತ್ತು. ಪೊದೆಗೆ ಹೇಳಿ ಮಾಡಿಸಿದ ಹಾಗಿದೆ. ಬಿರುಗಾಳಿಯ ಮಾರನೇ ದಿನ ನೆರೆಮನೆಯವರನ್ನು ಕೇಳಿ ನೋಡಿ. ಫೆಬ್ರವರಿಯಲ್ಲಿ ಎಲ್ಲರೂ ಅಂಗಳದ ಕ್ರೇಪ್ ಮರ್ಟಲ್ ಸವರುತ್ತಾರಲ್ಲ, ಆ ಉದ್ದನೆ ಕೋಲುಗಳನ್ನೂ ಬಿಡಬೇಡಿ. ನಮ್ಮ ಮಲೆನಾಡಿನ ನಂದಿ ಮರದ ಕುಲದ್ದೇ ಅದು, ಕಡ್ಡಿ ಸಣ್ಣದಾದರೂ ಗಟ್ಟಿ. ಕಾಂಕ್ರೀಟಿನಲ್ಲಿ ನಿಲ್ಲಿಸಲು ತುಂಬಾ ಚೆನ್ನಾಗಿರುತ್ತದೆ.

ಬಿದಿರು ಬೆಳೆದವರ ಮನೆ ಗೊತ್ತಿದ್ದರೆ ಅದೂ ಒಳ್ಳೆಯದೇ. ತುಂಗೆಯ ದಂಡೆಯಲ್ಲಿ ಮಳೆಗಾಲಕ್ಕೆ ಬಿದಿರ ಮೆಳೆ ಹೊಳೆಗೆ ವಾಲಿದರೆ ನನ್ನ ಸೋದರಮಾವ ಆ ವರ್ಷವೆಲ್ಲ ಅಲ್ಲೇ ಗಾಳ ಹಾಕುತ್ತಿದ್ದರು. ಇಲ್ಲಿ ಬಿದಿರಿನ ತೊಂದರೆ ಒಂದೇ, ಗಂಟು ಗಂಟಿನ ನಡುವೆ ಗಾಳಿ. ಪ್ರತಿ ಎರಡು ಗಂಟಿನ ನಡುವೆ ಡ್ರಿಲ್ಲಿನಿಂದ ಮೇಲೊಂದು ಕೆಳಗೊಂದು ತೂತು ಹಾಕಿ. ನೀರು ನುಗ್ಗಿ ಗಾಳಿ ಹೊರಗೆ ಬರುತ್ತದೆ.

ಕ್ರಿಸ್‌ಮಸ್ ಮರದ ಬಗ್ಗೆ ಜನವರಿಯಲ್ಲಿ ಎಲ್ಲರೂ ಕೇಳುತ್ತಾರೆ. ಸುಮ್ನೆ ಸಿಗುತ್ತದೆ, ಹಾಕಿ. ಆದರೆ ಎರಡನೇ ವರ್ಷಕ್ಕೆ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹಳೆಯ ಪೊದೆಯ ಮೇಲೆ ಹೊದಿಸಲು ಸರಿ, ಅದನ್ನೇ ನಂಬಿ ಪೊದೆ ಕಟ್ಟಬೇಡಿ. ಲೈಟಿನ ಸರ, ಮಿಂಚಿನ ಎಳೆ, ತಂತಿಯ ಕೊಕ್ಕೆ ಒಂದೂ ಬಿಡದೆ ಬಿಡಿಸಿ. ಕೃತಕ ಹಿಮದ ಬಣ್ಣ ಹೊಡೆದ ಮರವಾದರೆ ಬೇಡವೇ ಬೇಡ.

ಬೇಡದ ಮರಗಳೂ ಇವೆ. ಕಾಟನ್‌ವುಡ್, ವಿಲೋ ಬೇಗ ಕರಗುತ್ತವೆ. ಹಸಿ ವಿಲೋ ತುಂಡು ದಂಡೆಯ ಹತ್ತಿರ ನೆಲಕ್ಕೆ ತಾಗಿದರೆ ಚಿಗುರಿಬಿಡುತ್ತದೆ. ಪೈನ್ ಕೊಂಬೆಯೂ ಹೆಚ್ಚು ಬಾಳುವುದಿಲ್ಲ. ಆ್ಯಶ್ ಮರವನ್ನು (ಇದು ಆ್ಯಶ್ ಜೂನಿಪರ್ ಅಲ್ಲ, ಬೇರೆಯೇ ಮರ) ದೂರ ಸಾಗಿಸಬೇಡಿ. ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಕೊರಕ ಅದರ ಜೊತೆಯಲ್ಲೇ ಹೊಸ ಊರಿಗೆ ಹೋಗುತ್ತದೆ. ಹಳೇ ಡೆಕ್ಕಿನ ಹಲಗೆ, ರೈಲ್ವೆ ಸ್ಲೀಪರ್, ಔಷಧಿ ಹಾಕಿದ ಕಂಬ ಇವನ್ನು ಕೆರೆಗೆ ಹಾಕಲೇಬಾರದು. ಅದರಲ್ಲಿರುವ ಆರ್ಸೆನಿಕ್, ಕ್ರಿಯೋಸೋಟ್ ನೀರಿಗೆ ಇಳಿಯುತ್ತದೆ. ಎಷ್ಟೋ ಊರುಗಳು ಕುಡಿಯುವುದು ಅದೇ ನೀರು.

ಬಕೆಟ್ಟಿನಲ್ಲಿ ಒಂದು ಪರೀಕ್ಷೆ

ನನ್ನ ಮೊದಲ ಪೊದೆ ಮುಳುಗಲೇ ಇಲ್ಲ. ಮನೆ ಹಿಂದೆ ಬೇಸಿಗೆಯೆಲ್ಲ ಒಣಗಿದ್ದ ಸೀಡರಿಗೆ ಒಂದೇ ಒಂದು ಕಾಂಕ್ರೀಟ್ ಬ್ಲಾಕ್ ಕಟ್ಟಿ ದೋಣಿಯಿಂದ ತಳ್ಳಿದೆವು. ಒಂದು ಕ್ಷಣ ಒಳಗೆ ಹೋಯಿತು. ಆಮೇಲೆ ನಿಧಾನಕ್ಕೆ ಮೇಲೆ ಬಂದು, ಬುಡ ಕೆಳಗೆ ತುದಿ ಮೇಲೆ ಮಾಡಿಕೊಂಡು ಗಾಳಿ ಬಂದ ಕಡೆ ಹೊರಟಿತು. "ಭಾವ, ಆ ಕಡೆಯಿಂದ ಸ್ಪೀಡ್ ಬೋಟ್ ಬರ್ತಾ ಇದೆ," ಅಂತ ನನ್ನ ಭಾಮೈದ ಕೂಗಿದ. ಅಡ್ಡ ಹೋಗಿ ಕೈ ಬೀಸಿ ನಿಲ್ಲಿಸಿದೆವು. ಆ ಮರಕ್ಕೆ ಯಾರಾದರೂ ಬಡಿದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಅವತ್ತಿನಿಂದ ಲೆಕ್ಕ ಹಾಕದೆ ನಾನು ಒಂದು ಕೊಂಬೆಯನ್ನೂ ಮುಳುಗಿಸಿಲ್ಲ.

ಲೆಕ್ಕ ಸುಲಭ. ಮರದಿಂದ ಒಂದು ಗೇಣುದ್ದದ ತುಂಡು ಕತ್ತರಿಸಿ. ನೀರು ತುಂಬಿದ ಬಕೆಟ್ಟಿಗೆ ಬಿಡಿ. ಹತ್ತರಲ್ಲಿ ಎಷ್ಟು ಪಾಲು ಮುಳುಗಿದೆ ನೋಡಿ. ಹಸಿ ಸೀಡರ್ ಹತ್ತರಲ್ಲಿ ಆರು ಪಾಲು ಮುಳುಗುತ್ತದೆ, ನಾಲ್ಕು ಪಾಲು ಮೇಲೆ. ಈಗ ಮರದ ತೂಕ 40 ಕೆಜಿ ಅಂದುಕೊಳ್ಳಿ. 40ನ್ನು 0.6ರಿಂದ ಭಾಗಿಸಿದರೆ ಸುಮಾರು 67. ಅಂದರೆ ಪೂರ್ತಿ ಮುಳುಗಿದಾಗ ಆ ಮರ 67 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. 67ರಲ್ಲಿ 40 ಕಳೆದರೆ 27. ಆ 27 ಕೆಜಿಯಷ್ಟು ಬಲದಿಂದ ಮರ ಮೇಲಕ್ಕೆ ಎಳೆಯುತ್ತದೆ.

ಈಗ ಬ್ಲಾಕಿನ ಸರದಿ. ಹೋಮ್ ಡಿಪೋ ಅಂಗಡಿಯಲ್ಲಿ ಸಿಗುವ 8 ಇಂಚು ಅಗಲ, 16 ಇಂಚು ಉದ್ದದ ತೂತಿನ ಬ್ಲಾಕ್ ಸುಮಾರು 15 ಕೆಜಿ. ಆದರೆ ನೀರಿನಲ್ಲಿ ಕಾಂಕ್ರೀಟೂ ಹಗುರವಾಗುತ್ತದೆ. ಹತ್ತರಲ್ಲಿ ಹತ್ತಿರ ಹತ್ತಿರ ನಾಲ್ಕೂವರೆ ಪಾಲು ತೂಕ ಹೋಗಿ, ಐದೂವರೆ ಪಾಲು ಉಳಿಯುತ್ತದೆ. 15 ಕೆಜಿಯ ಬ್ಲಾಕ್ ನೀರಿನಲ್ಲಿ 8 ಕೆಜಿಯಷ್ಟೇ. ಹಾಗಾಗಿ ಆ 27 ಕೆಜಿ ಎಳೆತಕ್ಕೆ ಮೂರು ಬ್ಲಾಕ್ ಸಾಲುವುದಿಲ್ಲ. ನಾಲ್ಕು ಹಾಕಿದರೆ ಮುಳುಗುತ್ತದೆ, ಐದು ಹಾಕಿದರೆ ಅಲೆಗೂ ಪ್ರವಾಹಕ್ಕೂ ಜಗ್ಗುವುದಿಲ್ಲ. ನಾನು ಐದು ಹಾಕುತ್ತೇನೆ.

ಅದೇ ಹಸಿ ಓಕಿನ ತುಂಡು ಬಕೆಟ್ಟಿನಲ್ಲಿ ಪೂರ್ತಿ ಒಳಗೇ ಇರುತ್ತದೆ. ಕೆಲವು ಸಲ ತಳಕ್ಕೇ ಹೋಗುತ್ತದೆ. ಅದಕ್ಕೆ ಬುಡದಲ್ಲಿ ಒಂದೋ ಎರಡೋ ಬ್ಲಾಕ್ ಕಟ್ಟಿದರೆ ಸಾಕು, ಜಾಗದಲ್ಲಿ ನಿಲ್ಲಿಸಲು ಅಷ್ಟೇ. ಸೀಡರನ್ನು ಓಕಿನ ಕವಲಿಗೆ ಸೇರಿಸಿ ಕಟ್ಟಿ ಅಂತ ನಾನು ಒತ್ತಿ ಹೇಳುವುದು ಇದಕ್ಕೂ ಸೇರಿಯೇ. ಓಕ್ ಮರ ಸೀಡರಿಗೆ ತಾನೇ ಲಂಗರಾಗುತ್ತದೆ. ಕಡಿದ ಒಂದೆರಡು ದಿನದಲ್ಲೇ ಮುಳುಗಿಸಿ. ಒಣಗಿದಷ್ಟೂ ಬ್ಲಾಕ್ ಜಾಸ್ತಿ ಬೇಕು.

ಕಟ್ಟುವುದು

ಬೊಡ್ಡೆಗೆ ಬುಡದಿಂದ ಒಂದು ಗೇಣು ಮೇಲೆ ಅಡ್ಡಲಾಗಿ ತೂತು ಕೊರೆಯಿರಿ. ಅದರೊಳಗೆ ದಪ್ಪ ಗ್ಯಾಲ್ವನೈಸ್ಡ್ ತಂತಿ ತೂರಿಸಿ, ಬ್ಲಾಕಿನ ಕಣ್ಣಿನಿಂದ ಎಳೆದು ಇಕ್ಕಳದಲ್ಲಿ ತಿರುಚಿ. ಸುಮ್ಮನೆ ಸುತ್ತಿದರೆ ತೊಗಟೆ ಕಳಚಿದ ದಿನ ತಂತಿಯೂ ಜಾರುತ್ತದೆ, ಬ್ಲಾಕ್ ಕೆಳಗೆ ಉಳಿದು ಮರ ಮೇಲೆ ಬರುತ್ತದೆ. ಕೊಂಬೆ ಕೊಂಬೆಗೆ ಕಟ್ಟಲು ನೈಲಾನ್, ಪ್ಲಾಸ್ಟಿಕ್ ಹಗ್ಗ ಬೇಡ. ಮರ ಕರಗಿದ ಮೇಲೂ ಅದು ಕೆರೆಯಲ್ಲೇ ಉಳಿಯುತ್ತದೆ, ಮೋಟಾರಿನ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ನಾನು ಬಳಸುವುದು ತೆಂಗಿನ ನಾರಿನ ಹಗ್ಗ. ತೋಟದ ಸಾಮಾನಿನ ಅಂಗಡಿಗಳಲ್ಲಿ ಇಲ್ಲೂ ಸಿಗುತ್ತದೆ. ನೀರಿಗೆ ಅದು ಬೇಗ ಜಗ್ಗುವುದಿಲ್ಲ ಅನ್ನುವುದು ತೆಂಗಿನ ನಾಡಿನವರಿಗೆ ಹೇಳಬೇಕಾಗಿಲ್ಲ. ಹಗ್ಗ ಸಡಿಲವಾಗುವ ಹೊತ್ತಿಗೆ ಕೊಂಬೆಗಳು ನೀರು ಕುಡಿದು ಭಾರವಾಗಿರುತ್ತವೆ.

ಕೋಲುಗಳಿಗೆ ಬೇರೆ ಉಪಾಯ. 5 ಗ್ಯಾಲನ್ ಬಕೆಟ್ಟಿನ ಒಳಗೆಲ್ಲ ಅಡುಗೆ ಎಣ್ಣೆ ಸವರಿ. 60 ಪೌಂಡಿನ ಒಂದು ಚೀಲ ಕಾಂಕ್ರೀಟ್ ಕಲಸಿ ಸುರಿಯಿರಿ, ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಏಳೆಂಟು ಕ್ರೇಪ್ ಮರ್ಟಲ್ ಕೋಲು ಅಥವಾ ಬಿದಿರನ್ನು ಹೂದಾನಿಯಲ್ಲಿ ಹೂ ಇಟ್ಟ ಹಾಗೆ ಹೊರಕ್ಕೆ ವಾಲಿಸಿ ನಿಲ್ಲಿಸಿ. ಎರಡು ದಿನ ಬಿಟ್ಟು ಬಕೆಟ್ ಬೋರಲು ಹಾಕಿ ತಟ್ಟಿದರೆ ಗಟ್ಟಿ ಹೊರಗೆ ಬರುತ್ತದೆ. ಅದೇ ಬಕೆಟ್ ಮತ್ತೆ ಮತ್ತೆ ಬಳಸಬಹುದು. ಇಂಥವು ನಾಲ್ಕೈದು ಒಂದೇ ಕಡೆ ಇಳಿಸಿದರೆ ಗಾಳ ಸಿಕ್ಕಿಕೊಳ್ಳದ ಸೊಗಸಾದ ಪೊದೆ. ಮಕ್ಕಳಿಗೆ ಗಾಳ ಹಾಕುವುದು ಕಲಿಸಲು ಇದೇ ಸರಿ.

ಎಲ್ಲಿ, ಎಷ್ಟು ಆಳಕ್ಕೆ

ಬೇಸಿಗೆಯಲ್ಲಿ ಕೆರೆ ನೀರು ಎರಡು ಪದರವಾಗುತ್ತದೆ. ಮೇಲಿನದು ಬೆಚ್ಚಗೆ, ಕೆಳಗಿನದು ತಣ್ಣಗೆ. ಕೆಳಗಿನ ಪದರದಲ್ಲಿ ಆಮ್ಲಜನಕ ತೀರಾ ಕಡಿಮೆ, ಮೀನು ಅಲ್ಲಿ ನಿಲ್ಲುವುದಿಲ್ಲ. ನಡುವಿನ ಗೆರೆಗೆ ಥರ್ಮೋಕ್ಲೈನ್ ಅನ್ನುತ್ತಾರೆ. ದೋಣಿಯ ಸೋನಾರ್, ಅಂದರೆ ಶಬ್ದದ ಅಲೆಯಿಂದ ನೀರಿನಡಿಯನ್ನು ತೋರಿಸುವ ಯಂತ್ರದ ಸೆನ್ಸಿಟಿವಿಟಿ ಜಾಸ್ತಿ ಮಾಡಿದರೆ ತೆಳು ಮಂಜಿನ ಪಟ್ಟಿಯ ಹಾಗೆ ಕಾಣುತ್ತದೆ. ಆಗಸ್ಟಿನಲ್ಲಿ ಒಂದು ಸಲ ಹೋಗಿ ಅದು ಎಷ್ಟು ಅಡಿಯಲ್ಲಿದೆ ಅಂತ ಬರೆದಿಟ್ಟುಕೊಳ್ಳಿ. ಪೊದೆಯ ತಲೆ ಆ ಗೆರೆಗಿಂತ ಮೇಲಿರಬೇಕು. ಇಲ್ಲದಿದ್ದರೆ ಎಂಥ ಒಳ್ಳೆಯ ಮರ ಹಾಕಿದರೂ ಬೇಸಿಗೆಯೆಲ್ಲ ಖಾಲಿ ಮನೆ.

ನಾನು ಒಂದೇ ಇಳಿಜಾರಿನಲ್ಲಿ ಮೂರು ಪೊದೆ ಇಡುತ್ತೇನೆ. 10-12 ಅಡಿಗೆ ಒಂದು, 16-18ಕ್ಕೆ ಒಂದು, ಹಳೇ ಹೊಳೆಯ ಪಾತ್ರ ಶುರುವಾಗುವಲ್ಲಿ 22-24ಕ್ಕೆ ಒಂದು. ನೀರು 60ರಿಂದ 68 ಡಿಗ್ರಿ ಫ್ಯಾರನ್‌ಹೀಟಿಗೆ ಬಂದಾಗ, ಅಂದರೆ ನಮ್ಮ ಕಡೆ ಮಾರ್ಚ್, ಏಪ್ರಿಲ್ ಹೊತ್ತಿಗೆ, ಕ್ರಾಪಿ ಮೊಟ್ಟೆಯಿಡಲು ದಂಡೆಗೆ ಹೋಗುತ್ತದೆ. ಹೋಗುವಾಗಲೂ ಬರುವಾಗಲೂ ಈ ಪೊದೆಗಳೇ ಅದಕ್ಕೆ ತಂಗುದಾಣ. ಕೆರೆ ಎಷ್ಟೇ ಇಳಿದರೂ ಪೊದೆಯ ತುದಿಯ ಮೇಲೆ 6 ಅಡಿಯಾದರೂ ನೀರು ಉಳಿಯಬೇಕು. ಕಚೇರಿಯವರು ಅದಕ್ಕಿಂತ ಜಾಸ್ತಿ ಹೇಳಿದರೆ ಅವರ ಮಾತೇ ಕೊನೆ. ದೋಣಿ ಇಳಿಸುವ ಜಾಗ, ಈಜುವ ಜಾಗ, ದೋಣಿ ಓಡಾಡುವ ದಾರಿ ಇವುಗಳ ಹತ್ತಿರ ಬೇಡ.

ಮುಳುಗಿಸುವ ದಿನ

ಡಿಸೆಂಬರ್, ಜನವರಿ ಸರಿಯಾದ ಕಾಲ. ದೋಣಿಗಳ ಓಡಾಟ ಕಡಿಮೆ, ಓಕ್ ಕಡಿಯಲು ತೊಂದರೆ ಇಲ್ಲ, ಮಾರ್ಚಿಗೆ ಪಾಚಿ ಹತ್ತಿರುತ್ತದೆ. ಗಾಳಿ ಇಲ್ಲದ ಬೆಳಗ್ಗೆ ಹೋಗಿ. ಇಬ್ಬರು ಇರಲೇಬೇಕು, ಇಬ್ಬರಿಗೂ ಲೈಫ್ ಜಾಕೆಟ್. ಆ ತಿಂಗಳಲ್ಲಿ ನೀರಿಗೆ ಬಿದ್ದರೆ ಕೈಕಾಲು ಕೆಲವೇ ನಿಮಿಷಕ್ಕೆ ಮರಗಟ್ಟುತ್ತದೆ. ಮರವನ್ನು ದೋಣಿಯ ಮುಂಭಾಗದಲ್ಲಿ ಅಡ್ಡಡ್ಡ ಇಡಿ, ಬ್ಲಾಕ್ ಕಟ್ಟಿದ ಬುಡ ಅಂಚಿನಲ್ಲಿರಲಿ. ಮೊದಲು ಬುಡವನ್ನು ತಳ್ಳಿ, ತುದಿ ತಾನೇ ಹಿಂದೆ ಹೋಗುತ್ತದೆ. ಆ ಒಂದು ಗಳಿಗೆ ಕಾಲ ಹತ್ತಿರ ಯಾವ ಹಗ್ಗವೂ ತಂತಿಯೂ ಬಿದ್ದಿರಬಾರದು. ಇದನ್ನು ಎರಡು ಸಲ ನೋಡಿಕೊಳ್ಳಿ. ಮುಳುಗಿದ ತಕ್ಷಣ ಜಿಪಿಎಸ್ ಗುರುತು ಹಾಕಿ. ಅರ್ಧ ಗಂಟೆ ಅಲ್ಲೇ ಇದ್ದು ಸೋನಾರಿನಲ್ಲಿ ಪೊದೆ ನಿಂತಿದೆಯಾ, ವಾಲಿದೆಯಾ ನೋಡಿ ಹೊರಡಿ.

ವಾಪಸ್ ಬಂದ ಮೇಲೆ ದೋಣಿಯ ನೀರನ್ನೆಲ್ಲ ಬಸಿದು, ತೊಳೆದು, ಒಣಗಿಸಿ. 2009ರಲ್ಲಿ ಟೆಕ್ಸೋಮಾ ಕೆರೆಯಲ್ಲಿ ಕಾಣಿಸಿಕೊಂಡ ಜೀಬ್ರಾ ಮಸಲ್ ಅನ್ನುವ ಚಿಪ್ಪು ಇವತ್ತು ಟೆಕ್ಸಾಸಿನ ಎಷ್ಟೋ ಕೆರೆಗಳಿಗೆ ಹರಡಿದೆ. ಒಂದು ಕೆರೆಯಲ್ಲಿ ಮುಳುಗಿದ್ದ ಕೊಂಬೆಯನ್ನು ಇನ್ನೊಂದು ಕೆರೆಗೆ ಒಯ್ಯಬಾರದು ಅನ್ನುವುದೂ ಇದಕ್ಕೇ.

ಗಾಳಕ್ಕೆ ಸಿಕ್ಕಿ ಬರುವ ಕಡ್ಡಿ

ಮೀನು ಹಿಡಿಯುವಾಗ ದೋಣಿಯನ್ನು ಪೊದೆಯ ಮೇಲೇ ನಿಲ್ಲಿಸಬೇಡಿ, ಸ್ವಲ್ಪ ದೂರ ಇರಿ. 1/16 ಔನ್ಸಿನ ಜಿಗ್ (ತಲೆಗೆ ಭಾರ ಕೂರಿಸಿದ ಗಾಳ), ಇಲ್ಲವೇ ತೆಳು ತಂತಿಯ ಗಾಳಕ್ಕೆ ಮಿನ್ನೋ ಅನ್ನುವ ಸಣ್ಣ ಮೀನು ಸಿಕ್ಕಿಸಿ, ಕೋಲು ಚಾಚಿ ನೇರ ಕೆಳಗೆ ಬಿಡಿ. ಪೊದೆಯ ತಲೆಗಿಂತ ಒಂದೆರಡು ಅಡಿ ಮೇಲೆ ಶುರು ಮಾಡಿ. ಕ್ರಾಪಿಯ ಕಣ್ಣು ಮೇಲಿರುತ್ತದೆ, ಮೇಲೆ ಕಂಡಿದ್ದಕ್ಕೆ ಏರಿ ಬರುತ್ತದೆ. ತೆಳು ತಂತಿಯ ಗಾಳ ಕೊಂಬೆಗೆ ಸಿಕ್ಕರೆ ನಿಧಾನಕ್ಕೆ ಎಳೆಯಿರಿ, ಗಾಳ ನೆಟ್ಟಗಾಗಿ ಬಿಟ್ಟುಕೊಳ್ಳುತ್ತದೆ. ಇಕ್ಕಳದಲ್ಲಿ ಮತ್ತೆ ಬಗ್ಗಿಸಿಕೊಳ್ಳಬಹುದು. ಟೆಕ್ಸಾಸಿನಲ್ಲಿ ಹೆಚ್ಚಿನ ಕೆರೆಗಳಲ್ಲಿ ಒಬ್ಬರಿಗೆ ದಿನಕ್ಕೆ 25, ಕನಿಷ್ಠ 10 ಇಂಚು. ನಿಮ್ಮ ಕೆರೆಗೆ ಬೇರೆ ನಿಯಮ ಇದೆಯಾ ಅಂತ ಪ್ರತಿ ವರ್ಷ ನೋಡಿಕೊಳ್ಳಿ. ಆಳದ ಪೊದೆಯಿಂದ ತೆಗೆದ ಮೀನನ್ನು ವಾಪಸ್ ಬಿಟ್ಟರೆ ಎಷ್ಟೋ ಸಲ ಬದುಕುವುದಿಲ್ಲ, ಒಳಗಿನ ಗಾಳಿಚೀಲ ಉಬ್ಬಿರುತ್ತದೆ. ಬೇಕಾದಷ್ಟು ಆದ ಮೇಲೆ ಅಲ್ಲಿಂದ ಎದ್ದುಬಿಡಿ.

ಗಾಳಕ್ಕೆ ಆಗಾಗ ಕಡ್ಡಿಯೊಂದು ಸಿಕ್ಕಿ ಮೇಲೆ ಬರುತ್ತದೆ. ಅದನ್ನು ಎಸೆಯಬೇಡಿ. ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿ. ತೊಗಟೆ ಲೋಳೆಯಾಗಿ, ಒಳಗೆ ಬೆಳ್ಳಗಿದ್ದು, ಚಟ್ ಅಂತ ಮುರಿದರೆ ಪೊದೆಗೆ ಇನ್ನೂ ಆಯಸ್ಸಿದೆ. ನೆನೆದ ಬಿಸ್ಕತ್ತಿನ ಹಾಗೆ ಬೆರಳ ನಡುವೆ ಕಲಸಿ ಹೋದರೆ ಕಡ್ಡಿಯ ಕಾಲ ಮುಗಿಯಿತು. ಆ ಚಳಿಗಾಲಕ್ಕೆ ಒಂದು ಹಸಿ ಸೀಡರ್ ಕಡಿದು, ಅದೇ ಜಿಪಿಎಸ್ ಗುರುತಿನ ಮೇಲೆ, ಹಳೇ ಓಕಿನ ಎಲುಬಿನ ಪಕ್ಕದಲ್ಲೇ ಇಳಿಸಿ. ಬ್ಲಾಕ್ ಮಾತ್ರ ಐದೇ ಇರಲಿ.